ಬಿಯರಿನ ಕಹಿ ಹೂವು ನಿದ್ದೆಗೆ ಮದ್ದಾದೀತೆ?

ಪ್ರಶ್ನೆ: ನನಗೆ 58 ವರ್ಷ. ಎರಡು ವರ್ಷಗಳಿಂದ ನಿದ್ದೆ ಸರಿಯಾಗಿಲ್ಲ. ವೈದ್ಯರು ಬರೆದುಕೊಟ್ಟ ಮಾತ್ರೆಯಲ್ಲಿ ಅರ್ಧವನ್ನು ಆಗಾಗ ನುಂಗುತ್ತೇನೆ. ಜರ್ಮನಿಯಲ್ಲಿರುವ ಮಗಳು ಈ ಸಲ ಬಂದಾಗ ಒಣಹೂವು ತುಂಬಿದ ಪುಟ್ಟ ದಿಂಬನ್ನೂ ಅದೇ ಹೂವಿನ ಕಷಾಯದ ಪೊಟ್ಟಣಗಳನ್ನೂ ತಂದುಕೊಟ್ಟಳು. ಇಂದಿರಾನಗರದಲ್ಲಿ ಬಿಯರ್ ತಯಾರಿಸುವ ಕಡೆ ಕೆಲಸಕ್ಕಿರುವ ನನ್ನ ಅಣ್ಣನ ಮಗ ಅದನ್ನು ಮೂಸಿ, ‘ಅತ್ತೆ, ಇದು ನಾವು ಬಿಯರಿಗೆ ಹಾಕುವ ಹಾಪ್ಸ್’ ಎಂದು ನಕ್ಕ. ನಮ್ಮದು ಮದ್ಯ ಮುಟ್ಟದ ಮನೆ. ಇದನ್ನು ಕುಡಿಯಬಹುದೆ? ಆಯುರ್ವೇದದಲ್ಲಿ ಇದರ ಹೆಸರಿದೆಯೆ?
— ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ಮೊದಲು ಮಡಿಯ ಮಾತು. ಹಾಪ್ಸ್ ಒಂದು ಬಳ್ಳಿಯ ಹೂವೇ ಹೊರತು ಮದ್ಯವಲ್ಲ. ಬಿಯರಿನ ಅಮಲು ಹುದುಗಿದ ಜವೆಗೋಧಿಯಿಂದ ಬರುತ್ತದೆ. ಹಾಪ್ಸ್ ಅದಕ್ಕೆ ಕಹಿಯನ್ನೂ ಪರಿಮಳವನ್ನೂ ಕೊಟ್ಟು, ಬೇಗ ಕೆಡದಂತೆ ಕಾಯುತ್ತದೆ. ಆದ್ದರಿಂದ ನೀರಿನಲ್ಲಿ ನೆನೆಸಿದ ಹಾಪ್ಸ್ ಕಷಾಯದಿಂದ ನಿಮ್ಮ ಮನೆಯ ನಿಯಮಕ್ಕೆ ಭಂಗವಿಲ್ಲ. ಈ ಬಳ್ಳಿ ಗಾಂಜಾ ಗಿಡದ ಕುಟುಂಬಕ್ಕೆ ಸೇರಿದ್ದೆಂದು ಯಾರಾದರೂ ಹೆದರಿಸಿದರೆ, ಕುಟುಂಬ ಒಂದೇ ಆದರೂ ಗಾಂಜಾದ ಅಮಲಿನ ಅಂಶ ಇದರಲ್ಲಿಲ್ಲವೆಂದು ಹೇಳಿ.

ಔಷಧಕ್ಕೆ ಬಳಕೆಯಾಗುವುದು ಹೆಣ್ಣುಬಳ್ಳಿಯ ಹೂತೆನೆ. ಒಂದರ ಮೇಲೊಂದು ಕವಿದ ಅದರ ಹಸಿರು ಪೊರೆಗಳನ್ನು ಬಿಡಿಸಿದರೆ ಬುಡದಲ್ಲಿ ಅಂಟಂಟಾದ ಹಳದಿ ಹುಡಿ ಕಾಣುತ್ತದೆ. ಲುಪುಲಿನ್ ಎಂಬ ಆ ಹುಡಿಯಲ್ಲಿಯೇ ಕಹಿ ಆಮ್ಲಗಳೂ ಸುಗಂಧ ತೈಲವೂ ಇರುತ್ತವೆ. ಹೂವು ಒಣಗಿ ಹಳತಾಗುತ್ತಿದ್ದಂತೆ ಕಹಿ ಆಮ್ಲಗಳು ಒಡೆದು, ಬೇಗ ಆವಿಯಾಗುವ, ಮಂಪರು ತರಬಲ್ಲ ಒಂದು ದ್ರವ್ಯ ಹುಟ್ಟುತ್ತದೆ. ದಿಂಬಿನೊಳಗೆ ಹಾಪ್ಸ್ ತುಂಬುವ ರೂಢಿಗೆ ಇದನ್ನು ಕಾರಣವಾಗಿ ಹೇಳುವುದುಂಟು. ಆದರೆ ಮೂಗಿಗೆ ಸೇರುವಷ್ಟು ಅಲ್ಪಾಂಶದಿಂದ ನಿದ್ದೆ ಬರುತ್ತದೆಂಬುದು ಸಾಬೀತಾಗಿಲ್ಲ. ಇಂಗ್ಲೆಂಡಿನ ದೊರೆ ಮೂರನೆಯ ಜಾರ್ಜ್ ಇಂಥ ದಿಂಬಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದನೆಂಬ ಕಥೆ ಪ್ರಸಿದ್ಧವಾಗಿದೆ. ಅಲ್ಲಿಯ ಕೆಂಟ್ ಪ್ರಾಂತ್ಯದಲ್ಲಿ ಬೇಸಿಗೆಯ ಕೊನೆಗೆ ಹಾಪ್ಸ್ ಕೊಯ್ಲಿಗೆ ಬರುತ್ತಿದ್ದ ಆಳುಗಳು ಹೊತ್ತಲ್ಲದ ಹೊತ್ತಿನಲ್ಲಿ ತೂಕಡಿಸುತ್ತಿದ್ದರೆಂಬುದರಿಂದಲೇ ಜನ ಇದರ ಗುಣವನ್ನು ಗುರುತಿಸಿದರೆಂದು ಹೇಳುತ್ತಾರೆ. ದಿನವಿಡೀ ಬಿಸಿಲಿನಲ್ಲಿ ಕೊಯ್ಲು ಮಾಡಿದವರು ತೂಕಡಿಸಲು ಹಾಪ್ಸ್ ಒಂದೇ ಕಾರಣವಾಗಿರಬೇಕಿಲ್ಲ ಎಂದು ನನಗನ್ನಿಸುತ್ತದೆ.

ಹಳಬರೆಲ್ಲರೂ ಇದನ್ನು ಹೊಗಳಿದ್ದರೆಂದಲ್ಲ. 12ನೆಯ ಶತಮಾನದ ಜರ್ಮನ್ ಸನ್ಯಾಸಿನಿ ಬಿಂಗೆನ್ನಿನ ಹಿಲ್ಡೆಗಾರ್ಡ್, ಹಾಪ್ಸಿನ ಕಹಿ ಪಾನೀಯವನ್ನು ಕೆಡದಂತೆ ಇಡುತ್ತದೆಂದು ಒಪ್ಪಿಕೊಂಡರೂ, ಅದು ಮನುಷ್ಯನಲ್ಲಿ ವಿಷಾದವನ್ನು ಹೆಚ್ಚಿಸುತ್ತದೆಂದು ಬರೆದಳು. ಖಿನ್ನತೆಯಿರುವವರಿಗೆ ಹಾಪ್ಸ್ ಕೊಡಬಾರದೆಂದು ಯುರೋಪಿನ ಗಿಡಮೂಲಿಕೆ ವೈದ್ಯರು ಇಂದಿಗೂ ಹೇಳುತ್ತಾರೆ. ಮಿಕ್ಕಂತೆ, ಊಟಕ್ಕೆ ಮೊದಲು ಹಸಿವು ಕೆರಳಿಸುವ ಕಹಿಯಾಗಿ, ಮೂತ್ರ ಸಲೀಸಾಗಿಸುವ ಮದ್ದಾಗಿ, ನೋವಿನ ಮೇಲೆ ಕಟ್ಟುವ ಬಿಸಿ ಪಟ್ಟಾಗಿಯೂ ಅದು ಬಳಕೆಯಲ್ಲಿತ್ತು.

ಜರ್ಮನಿಯ ಅಧಿಕೃತ ಮೂಲಿಕಾ ಸಮಿತಿಯು ಚಡಪಡಿಕೆ, ಆತಂಕ ಮತ್ತು ನಿದ್ರಾಭಂಗಕ್ಕೆ ಹಾಪ್ಸನ್ನು ಒಪ್ಪಿತ್ತು. ಒಂದು ಸಲದ ಪ್ರಮಾಣ ಅರ್ಧ ಗ್ರಾಂ. ಅದನ್ನು ಒಂದು ಲೋಟ ಕುದಿನೀರಿನಲ್ಲಿ ನೆನೆಸಿ, ಸೋಸಿ, ಮಲಗುವುದಕ್ಕೆ ಅರ್ಧ ಗಂಟೆ ಮುಂಚೆ ಕುಡಿಯುವುದು ರೂಢಿ. ಆದರೆ ಯುರೋಪಿನ ಔಷಧ ಸಂಸ್ಥೆ ಈ ಬಳಕೆಯನ್ನು ಮಾನ್ಯ ಮಾಡಿರುವುದು ದೀರ್ಘಕಾಲದ ರೂಢಿಯ ಆಧಾರದ ಮೇಲೆಯೇ ವಿನಾ, ಪ್ರಯೋಗಗಳಲ್ಲಿ ಗೆದ್ದ ಮದ್ದೆಂದಲ್ಲ. ಸ್ಪೇನಿನಲ್ಲಿ 17 ಮಂದಿ ದಾದಿಯರು ಎರಡು ವಾರ ರಾತ್ರಿಯೂಟದೊಂದಿಗೆ ಆಲ್ಕೋಹಾಲ್ ಇಲ್ಲದ ಬಿಯರ್ ಕುಡಿದಾಗ ಬೇಗ ನಿದ್ದೆ ಹತ್ತಿತೆಂದು ಒಂದು ಅಧ್ಯಯನ ಹೇಳಿತು. ಅಷ್ಟು ಚಿಕ್ಕ ಗುಂಪಿನಿಂದ ದೊಡ್ಡ ತೀರ್ಮಾನಕ್ಕೆ ಬರಲಾಗದು.

ನಿಮ್ಮ ವಿಷಯದಲ್ಲಿ ನನ್ನ ನಿಜವಾದ ಚಿಂತೆ ಆ ಅರ್ಧ ಮಾತ್ರೆ. ನಿದ್ದೆ ಮಾತ್ರೆಯ ಮೇಲೆ ಮತ್ತೊಂದು ಮಂಪರಿನ ಮದ್ದು ಸೇರಿದರೆ, ನಡುರಾತ್ರಿ ಬಚ್ಚಲಿಗೆ ಎದ್ದಾಗ ತಲೆ ತಿರುಗಿ ಬೀಳುವ ಅಪಾಯವಿದೆ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬೇಡಿ. ಪೊಟ್ಟಣವನ್ನೇ ಒಯ್ದು ವೈದ್ಯರಿಗೆ ತೋರಿಸಿ. ಹಾಪ್ಸಿನಲ್ಲಿ ಸ್ತ್ರೀ ಹಾರ್ಮೋನಾದ ಈಸ್ಟ್ರೋಜನ್ನಿನಂತೆ ವರ್ತಿಸುವ ಪ್ರಬಲವಾದ ಅಂಶವೂ ಇದೆ. ಮುಟ್ಟು ನಿಂತ ಮೇಲಿನ ಮೈಬಿಸಿಗೆ ಇದನ್ನು ಮಾರುವುದು ಆ ಕಾರಣಕ್ಕೇ. ಸ್ತನ ಕ್ಯಾನ್ಸರಿನಂಥ ಕಾಯಿಲೆ ಬಂದುಹೋದವರು ಇದರಿಂದ ದೂರವಿರಬೇಕಾದುದೂ ಆ ಕಾರಣಕ್ಕೇ. ಗರ್ಭಿಣಿಯರಿಗೂ ಮಕ್ಕಳಿಗೂ ಇದು ಬೇಡ. ಎರಡು ವರ್ಷ ಕೆಟ್ಟಿರುವ ನಿದ್ದೆಗೆ ಗೊರಕೆ, ಥೈರಾಯ್ಡ್, ಮನಸ್ಸಿನ ಕೊರಗು, ಹೀಗೆ ಏನು ಬೇಕಾದರೂ ಮೂಲವಾಗಿರಬಹುದು. ನಿಮ್ಹಾನ್ಸ್‌ನಂಥ ಆಸ್ಪತ್ರೆ ಇರುವ ಊರಿನಲ್ಲಿದ್ದೂ ಅದನ್ನು ಪರೀಕ್ಷಿಸಿಕೊಳ್ಳದಿರುವುದು ಸರಿಯಲ್ಲ.

ಆಯುರ್ವೇದದ ಹಳೆಯ ಗ್ರಂಥಗಳಲ್ಲಿ ಹಾಪ್ಸ್ ಇಲ್ಲ. ಹಿಮಾಚಲದ ಲಾಹೌಲ್ ಕಣಿವೆಯಲ್ಲಿ ಅದನ್ನು ಬೆಳೆಯುತ್ತಾರಾದರೂ ಅದು ಬಿಯರಿಗಾಗಿ ಬಂದ ಬೆಳೆ. ಆದರೆ ಯುರೋಪಿನಲ್ಲಿ ಹಾಪ್ಸಿನ ಜೊತೆ ಸಾಮಾನ್ಯವಾಗಿ ಬೆರೆಸುವ, ನಿದ್ದೆಯ ಮದ್ದೆಂದೇ ಬಳಸುವ ವಲೇರಿಯನ್ ಗಿಡದ ಬೇರಿಗೆ ನಮ್ಮಲ್ಲೊಂದು ದಾಯಾದಿಯಿದೆ: ಹಿಮಾಲಯದ ತಗರ. ನಿಮ್ಮ ಪೊಟ್ಟಣದಲ್ಲಿ ಹಾಪ್ಸಿನ ಜೊತೆ ಆ ಬೇರೂ ಇದೆಯೆ ಎಂದು ಮಗಳಿಂದ ಓದಿಸಿ ತಿಳಿದುಕೊಳ್ಳಿ.

ಪ್ರಶ್ನೆ: ಮನೆಯಲ್ಲಿ ಬಿಯರ್ ತಯಾರಿಸುವವರಿಗೆ ಮಾರುವ ಹಾಪ್ಸ್ ಉಂಡೆಗಳು ಅಗ್ಗವಾಗಿ ಸಿಗುತ್ತವೆ. ಅವನ್ನೇ ಕಷಾಯಕ್ಕೆ ಬಳಸಬಹುದೆ?
— ಓದುಗರೊಬ್ಬರು, ಜಯನಗರ

ಉತ್ತರ: ಬೇಡ. ತಳಿಯಿಂದ ತಳಿಗೆ ಅವುಗಳ ಕಹಿ ಆಮ್ಲದ ಪ್ರಮಾಣ ಮೂರು ನಾಲ್ಕು ಪಟ್ಟು ಬದಲಾಗುತ್ತದೆ, ಮತ್ತು ಅವನ್ನು ಮದ್ದಿನ ಅಳತೆಗೆ ತಯಾರಿಸಿರುವುದಿಲ್ಲ. ಈಗಾಗಲೇ ಕೊಂಡಿದ್ದು, ಮನೆಯಲ್ಲಿ ನಾಯಿಯೂ ಇದ್ದರೆ ಡಬ್ಬಿಯನ್ನು ಎತ್ತರದಲ್ಲಿಡಿ: ಹಾಪ್ಸ್ ತಿಂದ ನಾಯಿಯ ಮೈಬಿಸಿ ವಿಪರೀತ ಏರಿ ಪ್ರಾಣಕ್ಕೇ ಮುಳುವಾಗಬಹುದು. ತಿಂದಿದೆಯೆಂಬ ಅನುಮಾನ ಬಂದರೂ ಸಾಕು, ತಡಮಾಡದೆ ಪಶುವೈದ್ಯರ ಬಳಿಗೆ ಒಯ್ಯಿರಿ.