ಬೆಳಿಗ್ಗೆ ಎದ್ದರೆ ಮೊದಲು ಮೋಡ, ಆಮೇಲೆ ಲಂಡನ್ ರೇಟು

ಜಾಗತೀಕರಣದಿಂದ ಹಳ್ಳಿಯವರ ಬದುಕು ನಿಜವಾಗಿ ಬದಲಾಗಿದೆಯಾ, ಇಲ್ಲ ಅದು ಬರೀ ಪಠ್ಯಪುಸ್ತಕದ ಮಾತಾ ಎಂದು ಕೇಳಿದ್ದೀರಿ. ಮೂಡಿಗೆರೆ ಕಡೆ ನಮ್ಮದು ಆರು ಎಕರೆ ಕಾಫಿ ತೋಟ. ನನಗೆ ಗೊತ್ತಿರುವುದು ಅಷ್ಟೇ, ಅದನ್ನೇ ಹೇಳುತ್ತೇನೆ.

ಅಪ್ಪನ ಕಾಲದಲ್ಲಿ ಬೆಳೆದ ಕಾಫಿಯನ್ನೆಲ್ಲ ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಎಲ್ಲರ ಕಾಫಿ ಒಟ್ಟುಗೂಡಿಸಿ ಮಾರುವ ಸರ್ಕಾರಿ ರಾಶಿಗೆ, ಹಾಕಲೇಬೇಕಿತ್ತು. ಮಾರುವ ಚಿಂತೆ ಬೋರ್ಡಿನದು, ಕಾಯುವ ಚಿಂತೆ ನಮ್ಮದು. ದುಡ್ಡು ಕಂತು ಕಂತಾಗಿ ಬರುತ್ತಿತ್ತು. ಕೊನೆಯ ಕಂತು ಕೈಸೇರುವ ಹೊತ್ತಿಗೆ ಗಿಡದಲ್ಲಿ ಮುಂದಿನ ಫಸಲು ಹಣ್ಣಾಗಿರುತ್ತಿತ್ತು. 1989ರಲ್ಲಿ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ, ಅಂದರೆ ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬಹುದು ಎಂಬ ಮಿತಿ, ಮುರಿದುಬಿತ್ತು. 1991ರಲ್ಲಿ ದೊಡ್ಡ ಗಿರಾಕಿಯಾಗಿದ್ದ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಆಮೇಲೆ ಸರ್ಕಾರ ಸ್ವಲ್ಪ ಸ್ವಲ್ಪವಾಗಿ ಪೂಲ್‌ನ ಹಗ್ಗ ಸಡಿಲಿಸಿ 1996ಕ್ಕೆ ಪೂರ್ತಿ ಬಿಟ್ಟಿತು.

ಆ ನಡುವೆ, 1994ರಲ್ಲಿ, ಬ್ರೆಜಿಲ್‌ನ ತೋಟಗಳಿಗೆ ಹಿಮ ಬಿದ್ದು ರೇಟು ಒಂದೇ ಸಮನೆ ಏರಿತು. ನಮ್ಮ ಕಡೆ ಜೀಪು ಬಂದವು, ಹೆಂಚಿನ ಮನೆಗಳು ತಾರಸಿಯಾದವು. ಹೊರಗಿನ ಮಾರುಕಟ್ಟೆ ಅಂದರೆ ಹೀಗೇ ಇರುತ್ತೆ ಅಂದುಕೊಂಡರು, ಅಪ್ಪನೂ ಸೇರಿ. ಅಷ್ಟರಲ್ಲಿ ವಿಯೆಟ್ನಾಂ ರೊಬಸ್ಟಾ (ಸಾಮಾನ್ಯವಾಗಿ ಅಗ್ಗದ ಜಾತಿಯ ಕಾಫಿ) ಬೆಳೆದು ಬೆಳೆದು ಬ್ರೆಜಿಲ್ ನಂತರದ ಸ್ಥಾನಕ್ಕೆ ಬಂದಿತ್ತು. 2001ರ ಕೊನೆಗೆ ನ್ಯೂಯಾರ್ಕಿನ ಮಾರುಕಟ್ಟೆಯಲ್ಲಿ ದುಬಾರಿ ಜಾತಿಯ ಅರೇಬಿಕಾ ಕೂಡ ಪೌಂಡಿಗೆ 50 ಸೆಂಟಿಗಿಂತ ಕೆಳಗೆ. ನಮ್ಮಲ್ಲಿ ಕುಯ್ಯುವ ಕೂಲಿಯೇ ಹುಟ್ಟಲಿಲ್ಲ. ತಾರಸಿಗೆ ಮಾಡಿದ ಸಾಲ ತೀರಿಸಲು ಅಮ್ಮನ ಸರ ಹೋಯಿತು.

ತಮಾಷೆ ನೋಡಿ, ಮುಳುಗಿಸಿದ ವಿಯೆಟ್ನಾಮೇ ಆಮೇಲೆ ಎತ್ತಿತು. ಅಲ್ಲಿ ಬರ ಬಿದ್ದು, 2024ರಲ್ಲಿ ಲಂಡನ್ನಿನ ಮಾರುಕಟ್ಟೆಯಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. (ನಾನು ಮಾರ್ಚಿನಲ್ಲೇ ಮಾರಿ ಕೈತೊಳೆದುಕೊಂಡಿದ್ದೆ. ಹೆಂಡತಿ ಇನ್ನೂ ಮರೆತಿಲ್ಲ.) ಕಾಳುಮೆಣಸಿನ ಕಥೆಯೂ ಇದೇ. ಶ್ರೀಲಂಕಾ ದಾರಿಯಲ್ಲಿ ವಿಯೆಟ್ನಾಂ ಮೆಣಸು ನುಗ್ಗುತ್ತಿದೆ ಎಂಬ ಕೂಗಿಗೆ 2017ರ ಡಿಸೆಂಬರಿನಲ್ಲಿ ಕೇಂದ್ರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿತು. ಆದರೂ ಇಲ್ಲಿ ರೇಟು ಇಳಿಯುತ್ತಲೇ ಹೋಯಿತು.

ಊಟ, ಉಡುಗೆ ಬದಲಾದದ್ದು ನೀವೂ ಕಂಡಿರುತ್ತೀರಿ, ಬಿಡಿ. ನನಗೆ ವಿಚಿತ್ರ ಅನಿಸುವುದು ಬೇರೆ. ತೋಟದ ಕೂಲಿಯಾಳುಗಳ ಲೈನ್ ಮನೆಯಲ್ಲಿ ಈಗ ಅಸ್ಸಾಮಿನವರಿದ್ದಾರೆ, ಅವರು ಕುಡಿಯುವುದು ಚಹಾ. ದೇಶದ ಕಾಫಿಯಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ಹೊರಗೆ ಹೋಗುತ್ತದೆ, ಇಟಲಿಯವರೇ ದೊಡ್ಡ ಗಿರಾಕಿಗಳು. ನಾವು ಮನೆಯಲ್ಲಿ ಉಳಿದ ಒಡಕು ಬೀಜ ಹುರಿದು, ಚಿಕೋರಿ ಬೆರೆಸಿ ಕುಡಿಯುತ್ತೇವೆ. ರುಚಿಗೆ ಅದೇ ಒಗ್ಗಿಹೋಗಿದೆ. ಮಗಳು ಬೆಂಗಳೂರಿನಿಂದ ತಂದ ಬರೀ ಅರೇಬಿಕಾ ಅಮ್ಮನಿಗೆ ಹುಳಿ ಅನಿಸಿತು.

ಹಾಗಂತ ಪೂಲ್ ವಾಪಸ್ ಬೇಕಾ ಅಂದರೆ ಬೇಡ. ನನ್ನ ಮಾಲು ನಾನೇ ಮಾರುತ್ತೇನೆ. ಆದರೆ ಬೋರ್ಡು ಹೊರುತ್ತಿದ್ದ ನಡುಕ ಈಗ ನಮ್ಮ ಕಣದಲ್ಲೇ ಕೂತಿದೆ. ಬ್ರೆಜಿಲ್‌ನಲ್ಲಿ ಒಳ್ಳೆ ಮಳೆ ಅಂತ ವಾಟ್ಸಾಪಿನಲ್ಲಿ ಬಂದಿದೆ, ಅಂದರೆ ಅಲ್ಲಿ ಫಸಲು ಹೆಚ್ಚಿ ಇಲ್ಲಿ ರೇಟು ಬೀಳಬಹುದು. ಗೋದಾಮಿನಲ್ಲಿ ಇನ್ನೂ ಹನ್ನೆರಡು ಮೂಟೆ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಇದೆ, ಇವತ್ತೇ ಸಾಹುಕಾರರಿಗೆ ಫೋನ್ ಮಾಡಲೋ, ಇನ್ನೊಂದು ವಾರ ನೋಡಲೋ ಗೊತ್ತಾಗುತ್ತಿಲ್ಲ.