ಬ್ಯಾಡ್ಜ್ ಇಲ್ಲದ ಹಳೆ ಸ್ನೇರ್ ಡ್ರಮ್: ಯಾವ ಕಂಪನಿಯದು, ಯಾವ ಊರಿನದು?

ನೀವು ಕೇಳಿದ ಆ ಹಳೆ ಸ್ನೇರ್ ಡ್ರಮ್ ನನ್ನ ಪ್ರಕಾರ ಇಂಗ್ಲೆಂಡಿನದು. ಹೆಚ್ಚು ಕಡಿಮೆ ಖಂಡಿತ ಪ್ರೀಮಿಯರ್ ಕಂಪನಿಯದು, 1960ರ ದಶಕದ್ದು ಅಥವಾ ಅದಕ್ಕೂ ಹಿಂದಿನದು.

ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ ಸಿಕ್ಕ ಮರದ ಡ್ರಮ್, ಬ್ಯಾಡ್ಜ್ (ಕಂಪನಿ ಹೆಸರಿನ ಬಿಲ್ಲೆ) ಕಿತ್ತುಹೋಗಿದೆ, ರಿಮ್ (ಅಂಚಿನ ಲೋಹದ ಬಳೆ) ದಪ್ಪ ಎರಕದ್ದು, ಅಂಗಡಿಯವರು ಮೀರತ್ತಿನದು ಅಂದರು ಅಂತ ಬರೆದಿದ್ದೀರಿ. ಕೊನೆಯಲ್ಲಿ ಇನ್ನೊಂದು ಮಾತು ಸೇರಿಸಿದ್ದೀರಿ: ಹೊಸ 14 ಇಂಚಿನ ಹೆಡ್ (ಬಾರಿಸುವ ಹೊದಿಕೆ) ತಂದರೆ ಅದು ಶೆಲ್ (ಡ್ರಮ್ಮಿನ ದುಂಡನೆಯ ಒಡಲು) ಮೇಲೆ ಇಳಿಯುವುದೇ ಇಲ್ಲ. ಅದೇ ಇಲ್ಲಿ ಎಲ್ಲಕ್ಕಿಂತ ದೊಡ್ಡ ಸುಳಿವು. ಹಳೆ ಪ್ರೀಮಿಯರ್ ಶೆಲ್‌ಗಳು ಅಮೆರಿಕದ ಅಳತೆಗಿಂತ ಒಂದು ಚೂರು ದೊಡ್ಡವು. 60ರ ದಶಕದ ಕೊನೆಯ ಹೊತ್ತಿಗೆ ಅವರೂ ಎಲ್ಲರ ಅಳತೆಗೆ ಬಂದರು, ಹಾಗಾಗಿ ಹಿಂದಿನವನ್ನು ಈಗ 'ಪ್ರಿ-ಇಂಟರ್‌ನ್ಯಾಷನಲ್' ಅಂತ ಕರೆಯುತ್ತಾರೆ.

ಆದರೆ ಅಳೆದು ನೋಡದೆ ನಂಬಬೇಡಿ. ಸ್ಕೇಲ್ ಅಡ್ಡ ಇಟ್ಟು ಅಳೆಯಬೇಡಿ, ಹಳೆ ಮರ ಸ್ವಲ್ಪ ಸೊಟ್ಟಗಾಗಿರುತ್ತದೆ. ಟೈಲರ್ ಟೇಪನ್ನು ಶೆಲ್ ಅಂಚಿನ ಹತ್ತಿರ ಸುತ್ತಿ ಸುತ್ತಳತೆ ತೆಗೆಯಿರಿ. ಸರಿಯಾಗಿ 14 ಇಂಚು ಅಂದರೆ ಸುತ್ತಳತೆ 1,117 ಮಿ.ಮೀ. ಈಗಿನ ಶೆಲ್‌ಗಳನ್ನು ಹೆಡ್ ಸಲೀಸಾಗಿ ಇಳಿಯಲಿ ಅಂತ ಇದಕ್ಕಿಂತ ಕಡಿಮೆಯೇ ಇಟ್ಟಿರುತ್ತಾರೆ. ನಿಮ್ಮದು 1,117 ಮುಟ್ಟಿದರೆ ಅಥವಾ ದಾಟಿದರೆ ನನ್ನ ಊಹೆ ಗಟ್ಟಿಯಾಗುತ್ತದೆ.

ಇಲ್ಲೊಂದು ಮೋಸ ಇದೆ, ಅದನ್ನೂ ನೋಡಿಬಿಡಿ. ಯಾರೋ ಶೆಲ್ ಹೊರಮೈಗೆ ಹೊದಿಸಿದ ಹಳೆ ಪ್ಲಾಸ್ಟಿಕ್ ಶೀಟ್ ಮೇಲೆ ಇನ್ನೊಂದು ಶೀಟ್ ಅಂಟಿಸಿದ್ದರೂ ಡ್ರಮ್ ದಪ್ಪವಾಗಿ ಹೆಡ್ ಕೂರುವುದಿಲ್ಲ. ಟಾರ್ಚ್ ಹಿಡಿದು ಅಂಚನ್ನು ಪಕ್ಕದಿಂದ ನೋಡಿ, ಎರಡು ಪದರ ಇದ್ದರೆ ಗೆರೆ ಕಾಣುತ್ತದೆ.

ಜಪಾನಿನದಿರಬಹುದಾ ಅಂತ ಕೇಳಿದ್ದೀರಿ. 60ರ ದಶಕದಲ್ಲಿ ಅಲ್ಲಿಂದ ರಾಶಿ ರಾಶಿ ಡ್ರಮ್ ಹೋಗುತ್ತಿತ್ತು. ಕಾರ್ಖಾನೆ ಒಂದೇ, ತರಿಸಿಕೊಂಡವರ ಇಷ್ಟದಂತೆ ಬ್ಯಾಡ್ಜ್ ಹತ್ತಾರು! ಅದಕ್ಕೇ ನಾನು ಬ್ಯಾಡ್ಜ್ ಇದ್ದರೂ ಮೊದಲು ಒಳಗೆ ನೋಡುವುದು. ಅವುಗಳ ಒಳಗಡೆ ಕೆಂಪು-ಕಂದು ಬಣ್ಣದ ಲುವಾನ್ ಮರ, ಮೇಲೆ ಕೆಳಗೆ ತಿಳಿ ಬಣ್ಣದ ಮರದ ಬಳೆ. ಎಷ್ಟೋ ಡ್ರಮ್‌ಗಳಲ್ಲಿ ಶೀಟಿನ ತುದಿಯನ್ನು ಶೆಲ್‌ನ ಕೂಡುಗೆರೆಯೊಳಗೇ ತೂರಿಸಿರುತ್ತಾರೆ. ಇವೆಲ್ಲ ಒಟ್ಟಿಗೆ ಕಂಡರೆ ಜಪಾನ್ ಆಗಿರುವ ಸಾಧ್ಯತೆ ಹೆಚ್ಚು. ಸ್ನೇರ್ ಲಿವರ್ (ಡ್ರಮ್ಮಿನ ಕೆಳಗಿನ ತಂತಿಗಳನ್ನು ಬಿಗಿ-ಸಡಿಲ ಮಾಡುವ ಹಿಡಿ) ಅಥವಾ ರಿಮ್ ಮೇಲೆ ಚಿಕ್ಕದಾಗಿ 'ಜಪಾನ್' ಅಂತ ಅಚ್ಚು ಇದೆಯಾ ಅಂತಲೂ ಹುಡುಕಿ.

ಮೀರತ್ ಅಂದರೆ ನನಗೆ ಒಪ್ಪಿಗೆ ಇಲ್ಲ. ಅಲ್ಲಿನ ಜಾಲಿ ಕೋಠಿಯಲ್ಲಿ ತಲೆಮಾರುಗಳಿಂದ ಬ್ಯಾಂಡ್ ವಾದ್ಯ ಮಾಡುತ್ತಾರೆ ನಿಜ. ಆದರೆ ನಾನು ಕಂಡ ಅಲ್ಲಿನ ಮದುವೆ ಬ್ಯಾಂಡ್ ಡ್ರಮ್‌ಗಳು ಜಾಸ್ತಿ ತಗಡಿನವು, ಇಂಥ ತೂಕದ ಎರಕದ ರಿಮ್ ಅವುಗಳಲ್ಲಿ ನೋಡಿಲ್ಲ.

ಪ್ರೀಮಿಯರ್ ಸಣ್ಣ ಕಂಪನಿ ಅಲ್ಲ. 1922ರಲ್ಲಿ ಲಂಡನ್ನಿನಲ್ಲಿ ಶುರುವಾಯಿತು. 1940ರಲ್ಲಿ ಕಾರ್ಖಾನೆಗೆ ಬಾಂಬ್ ಬಿದ್ದು ಲೆಸ್ಟರ್ ಕಡೆಗೆ ಹೋಯಿತು. ಬೀಟಲ್ಸ್ ತಂಡದ ಡ್ರಮ್ಮರ್ ರಿಂಗೋ ಸ್ಟಾರ್ ಅಮೆರಿಕದ ಲುಡ್‌ವಿಗ್ ಡ್ರಮ್‌ಗೆ ಬದಲಾಗುವ ಮೊದಲು, 1963ರ ತನಕ, ಬಾರಿಸುತ್ತಿದ್ದದ್ದು ಇದೇ ಪ್ರೀಮಿಯರ್. 'ಒಲಿಂಪಿಕ್' ಅನ್ನುವುದು ಅವರದೇ ಅಗ್ಗದ ಸಾಲು, ನಿಮ್ಮದು ಅದೂ ಆಗಿರಬಹುದು.

ದಯವಿಟ್ಟು ಒಂದು ಕೆಲಸ ಮಾತ್ರ ಮಾಡಬೇಡಿ. ಹೊಸ ಹೆಡ್ ಕೂರಲಿ ಅಂತ ಶೆಲ್ ಉಜ್ಜಿಸಬೇಡಿ. ಬಡಗಿ ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾನೆ, ಆಮೇಲೆ ಆ ಡ್ರಮ್ಮನ್ನು ಸರಿಮಾಡುವವರು ಯಾರೂ ಇಲ್ಲ. ರೆಮೊ ಕಂಪನಿಯ ಪ್ರಿ-ಇಂಟರ್‌ನ್ಯಾಷನಲ್ ಅಳತೆಯ ಹೆಡ್‌ಗಳಿವೆ, ಇಂಗ್ಲೆಂಡಿನ ಅಂಗಡಿಗಳಿಂದ ತರಿಸಿಕೊಳ್ಳಿ. ಹೆಡ್ ಬಿಗಿ ಮಾಡುವ ಟೆನ್ಷನ್ ಬೋಲ್ಟ್ ಕಳೆದಿದ್ದರೂ ಇಲ್ಲಿ ಸಿಗುವ ಬೋಲ್ಟ್ ಹಾಕಿ ಬಲವಂತವಾಗಿ ತಿರುಗಿಸಬೇಡಿ, ಬೋಲ್ಟಿನ ಮರೆ (ಸುತ್ತುಗೆರೆ) ಬೇರೆ ಇದ್ದರೆ ಲಗ್ (ಬೋಲ್ಟ್ ಕೂರುವ ಲೋಹದ ಹಿಡಿಕೆ) ಹಾಳಾಗುತ್ತದೆ.

ಸುತ್ತಳತೆ ತಿಳಿಸಿ. ಜೊತೆಗೆ ಮೂರು ಫೋಟೊ ಹಾಕಿ: ಶೆಲ್ ಒಳಭಾಗ, ಸ್ನೇರ್ ಲಿವರ್, ಬ್ಯಾಡ್ಜ್ ಇದ್ದ ಜಾಗದ ಗುರುತು. ಒಳಗಡೆ ಒರೆಸುವ ಮೊದಲೇ ಫೋಟೊ ತೆಗೆಯಿರಿ, ಪೆನ್ಸಿಲ್ ಬರಹವೋ ಮುದ್ರೆಯೋ ಇದ್ದರೆ ಒದ್ದೆ ಬಟ್ಟೆಗೆ ಅಳಿಸಿಹೋಗುತ್ತದೆ.