ಕೊನೆಯ ಬೆಂಚಿನಿಂದ ಒಂದು ಪ್ರಶ್ನೆ

ಪ್ರಶ್ನೆ: ಅಕ್ಕೋರೆ, ನನಗೆ 46 ವರ್ಷ. ಹನ್ನೊಂದು ವರ್ಷ ಕುಡಿದೆ. ಅವ್ವನ ಬೆಂಡೋಲೆ ಮಾರಿ ಕುಡಿದವನು ನಾನು. ಅವ್ವನ ಮಣ್ಣಿನ ದಿನವೂ ಕುಡಿದಿದ್ದೆ. ಅಕ್ಕ ಅಂದಿನಿಂದ ಮಾತು ಬಿಟ್ಟಿದ್ದಾಳೆ. ಈಗ ಕುಡಿತ ಬಿಟ್ಟು ಎರಡು ವರ್ಷ. ಚರ್ಚಿನಲ್ಲಿ ಕೊನೆಯ ಬೆಂಚಿನಲ್ಲಿ ಕೂರುತ್ತೇನೆ, ಕರ್ತನ ಭೋಜನ (ಯೇಸುವಿನ ನೆನಪಿಗೆ ಹಂಚುವ ರೊಟ್ಟಿ, ದ್ರಾಕ್ಷಾರಸ) ಕೊಡುವಾಗ ಎದ್ದು ಹೊರಗೆ ಹೋಗುತ್ತೇನೆ. ಅದನ್ನು ಅಯೋಗ್ಯವಾಗಿ ತಿಂದವನು ಅಪರಾಧಿ ಎಂದು ಬೈಬಲಿನಲ್ಲಿ ಪೌಲನೇ ಬರೆದಿದ್ದಾನಲ್ಲ. ಪಾಸ್ಟರ್ ನೋಡಿದರೆ ‘ಯೇಸು ನಿನ್ನ ಸ್ನೇಹಿತ’ ಅನ್ನುತ್ತಾರೆ. ನನ್ನಂಥವನಿಗೆ ಹೇಗೆ?
– ಗದಗ-ಬೆಟಗೇರಿಯ ಓದುಗರು (ಹೆಸರು ಬೇಡ ಎಂದಿದ್ದಾರೆ)

ಉತ್ತರ: ತಮ್ಮಾ, ನನಗೀಗ 71. ಏಕವಚನದಲ್ಲೇ ಮಾತಾಡುತ್ತೇನೆ, ಬೇಜಾರಾಗಬೇಡ.

ಮೊದಲು ಪೌಲನ ಮಾತು. ಕೊರಿಂಥ ಊರಿನ ಕ್ರೈಸ್ತ ಸಭೆಯವರಿಗೆ ಬರೆದ ಮೊದಲ ಪತ್ರ, 11ನೆಯ ಅಧ್ಯಾಯ. ನೀನು 27ನೆಯ ವಚನ ಹಿಡಿದು ಕೂತಿದ್ದೀಯ. ಸ್ವಲ್ಪ ಮೇಲೆ, 21ನೆಯದು ಓದು. ಆ ಸಭೆಯಲ್ಲಿ ಉಳ್ಳವರು ತಮ್ಮ ಊಟ ತಾವೇ ಮೊದಲು ಮುಗಿಸುತ್ತಿದ್ದರು, ಇಲ್ಲದವರು ಹಸಿದು ಕೂರುತ್ತಿದ್ದರು. ಕೆಲವರಿಗೆ ಅಲ್ಲೇ ಅಮಲೇರುತ್ತಿತ್ತು. ಪೌಲ ರೇಗಿದ್ದು ಆ ತಿನ್ನುವ ರೀತಿಗೆ. 28ನೆಯ ವಚನದಲ್ಲಿ ತನ್ನನ್ನು ಪರೀಕ್ಷಿಸಿಕೊಂಡು ತಿನ್ನಲಿ ಎಂದಿದೆ. ಎದ್ದು ಹೋಗಲಿ ಎಂದಿಲ್ಲ.

ಇನ್ನು ಸ್ನೇಹ. ನನಗೆ ನೆನಪಾಗುವುದು ಮೆಫೀಬೋಶೆತ. ಎರಡನೆಯ ಸಮುವೇಲ, 9ನೆಯ ಅಧ್ಯಾಯ. ಸೌಲ ರಾಜನ ಮೊಮ್ಮಗ, ಯೋನಾತಾನನ ಮಗ. ಅಜ್ಜ, ಅಪ್ಪ ಇಬ್ಬರೂ ಯುದ್ಧದಲ್ಲಿ ಸತ್ತ ಸುದ್ದಿ ಬಂದಾಗ ಅವನಿಗೆ ಐದು ವರ್ಷ. ದಾದಿ ಎತ್ತಿಕೊಂಡು ಓಡುವಾಗ ಬಿದ್ದ, ಎರಡೂ ಕಾಲು ಹೋದವು. ಮುಂದೆ ಲೋದೆಬಾರಿನಲ್ಲಿ ಯಾರದೋ ಮನೆಯಲ್ಲಿದ್ದ. ಹೊಸ ರಾಜ ಹಳೆಯ ರಾಜನ ಮನೆಯವರನ್ನು ಉಳಿಸುವುದು ಆಗ ಅಪರೂಪ. ಈ ಹೊಸ ರಾಜ ದಾವೀದ, ಯೋನಾತಾನನ ಜೀವದ ಗೆಳೆಯ. ಅವನು ಕರೆಸಿದಾಗ ಮೆಫೀಬೋಶೆತ ನೆಲಕ್ಕೆ ಬಿದ್ದು, ನಾನು ಸತ್ತ ನಾಯಿಯಂಥವನು ಅಂದ. ದಾವೀದ ಅವನ ಯೋಗ್ಯತೆ ವಿಚಾರಿಸಲೇ ಇಲ್ಲ. ನಿನ್ನ ಅಪ್ಪ ಯೋನಾತಾನನ ಸಲುವಾಗಿ ಅಂದ. ಜಮೀನು ವಾಪಸ್ ಕೊಟ್ಟ, ದಿನಾ ತನ್ನ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿದ. ಗೆಳೆತನ ಮಾಡಿದವನು ಯೋನಾತಾನ, ಊಟ ಸಿಕ್ಕಿದ್ದು ಇವನಿಗೆ. (ಸೌಲನ ಮನೆಯವನನ್ನು ಕಣ್ಣೆದುರೇ ಇಟ್ಟುಕೊಳ್ಳುವ ರಾಜಕೀಯ ಅದು ಅನ್ನುವವರೂ ಇದ್ದಾರೆ. ಇದ್ದರೂ ಇರಬಹುದು, ದಾವೀದ ಅಷ್ಟೇನೂ ಮುಗ್ಧನಲ್ಲ.)

ಒಮ್ಮೆ ಸಂಡೆ ಸ್ಕೂಲಿನಲ್ಲಿ ಇದನ್ನು ನಾಟಕ ಮಾಡಿಸಿದ್ದೆ. ರಾಜನ ಊಟ ಅಂದರೆ ಗಿರ್ಮಿಟ್ಟು, ಮಿರ್ಚಿ. ಮೆಫೀಬೋಶೆತ ಆಗಿದ್ದ ಹುಡುಗ ಕುಂಟುತ್ತಾ ಬಂದ, ಗಬಗಬ ತಿಂದ, ಚಡ್ಡಿಗೆ ಕೈ ಒರೆಸಿಕೊಂಡು ಸರಸರ ನಡೆದು ಹೊರಟ. ಪಕ್ಕದ ಹುಡುಗಿ ಅವನ ಅಂಗಿ ಹಿಡಿದು ಜಗ್ಗಿದಳು: ‘ಏ, ಊಟ ಆದ್ಮೇಲೂ ಕುಂಟಬೇಕಲೇ!’ ಎಲ್ಲರೂ ನಕ್ಕೆವು. ಮನೆಗೆ ಬಂದು ಬೈಬಲ್ ತೆರೆದರೆ ಹುಡುಗಿ ಹೇಳಿದ್ದೇ ಸರಿ. ಅಧ್ಯಾಯದ ಕೊನೆಯ ವಚನದಲ್ಲಿ ಎರಡೂ ಒಟ್ಟಿಗೇ ಇವೆ, ದಿನಾ ರಾಜನ ಪಂಕ್ತಿಯ ಊಟ, ಎರಡೂ ಕಾಲು ಕುಂಟು. ಕಾಲು ಸರಿಹೋಗಲಿಲ್ಲ. ಹಾಗಂತ ಯಾರೂ ಅವನನ್ನು ಊಟದಿಂದ ಎಬ್ಬಿಸಲಿಲ್ಲ. ನೀನು ಯಾರೂ ಎಬ್ಬಿಸದಿದ್ದರೂ ಎದ್ದು ಹೋಗುತ್ತೀಯ, ಅಲ್ವಾ?

ಯೇಸು ತನ್ನ ಶಿಷ್ಯರಿಗೆ, ಇನ್ನು ನಿಮ್ಮನ್ನು ಆಳುಗಳು ಅನ್ನುವುದಿಲ್ಲ, ಸ್ನೇಹಿತರು ಅಂದಿದ್ದೇನೆ ಎಂದು ಹೇಳಿದ್ದು ಯಾವಾಗ ಗೊತ್ತಾ? ಆತನನ್ನು ಶತ್ರುಗಳಿಗೆ ಹಿಡಿದುಕೊಟ್ಟ ರಾತ್ರಿಯೇ. ಬೆಳಗಾಗುವುದರೊಳಗೆ ಅವರು ಓಡಿಹೋಗಿದ್ದರು, ಅವರಲ್ಲೊಬ್ಬನಾದ ಪೇತ್ರ ಮೂರು ಸಲ ಆತ ಯಾರೋ ಗೊತ್ತಿಲ್ಲ ಅಂದಿದ್ದ. ಇದೆಲ್ಲ ಆತನಿಗೆ ಮೊದಲೇ ಗೊತ್ತಿತ್ತು. ‘ಸುಂಕದವರ, ಪಾಪಿಗಳ ಸ್ನೇಹಿತ’ ಅನ್ನುವುದು ಜನ ಆತನನ್ನು ಹಂಗಿಸುತ್ತಿದ್ದ ಮಾತು. ನಾವೀಗ ಅದನ್ನೇ ಹಾಡು ಮಾಡಿಕೊಂಡಿದ್ದೇವೆ.

ಅಕ್ಕನ ವಿಷಯ ಬೇರೆ. ದೇವರು ಕ್ಷಮಿಸಿದ ಅಂತ ಹೇಳಿಕೊಂಡು ಅವಳ ಮನೆಗೆ ಹೋಗಬೇಡ, ಸಿಟ್ಟು ಇನ್ನೂ ಜಾಸ್ತಿ ಆಗುತ್ತದೆ. ಸುಂಕ ವಸೂಲಿಯ ಜಕ್ಕಾಯನ ಮನೆಗೆ ಯೇಸು ಹೋದದ್ದು ಮೊದಲು, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಕೊಡುತ್ತೇನೆ ಅಂತ ಅವನು ಅಂದದ್ದು ಆಮೇಲೆ. ನಿನಗೆ ನಾಲ್ಕರಷ್ಟು ಆಗಲಿಕ್ಕಿಲ್ಲ, ಈಗಿನ ಚಿನ್ನದ ರೇಟಿನಲ್ಲಂತೂ. ಬೆಂಡೋಲೆ ಎಷ್ಟು ಗ್ರಾಂ ಇತ್ತು, ನೆನಪಿದೆಯಾ? ಒಂದು ಚೀಟಿ ಹಾಕು. ದುಡ್ಡು ಕೂಡಿದಾಗ ಅಂಥದೇ ಒಂದು ಜೊತೆ ಮಾಡಿಸಿ ಅವಳ ಕೈಗೆ ಕೊಡು. ಮಾತಾಡಿಸುತ್ತಾಳೋ ಇಲ್ಲವೋ, ಅದು ಅವಳಿಗೆ ಬಿಟ್ಟಿದ್ದು.

ಚೀಟಿ ಮುಗಿಯಲಿ, ಆಮೇಲೆ ಭೋಜನಕ್ಕೆ ಹೋಗುತ್ತೇನೆ ಅಂತ ಮತ್ತೆ ಕಾಗದ ಬರೆಯಬೇಡ. ಈ ಸಲವೇ ಹೋಗು.